ಜೂಜಿನ ಚಟಕ್ಕೆ ಕೌನ್ಸೆಲಿಂಗ್ ಹೋಗಿದ್ದು ಅಂಗಡಿಯವರಿಗೆ ಹೇಗೆ ಗೊತ್ತಾಯ್ತು?

ಹೆಸರು_ಬೇಡ_ಬಿಡಿ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಇದು ಹೊಸ ಐಡಿ. ಹಳೆಯದರಲ್ಲಿ ನನ್ನ ಗುರುತಿರುವವರು ನಾಲ್ಕೈದು ಜನ ಇದ್ದಾರೆ, ಅದಕ್ಕೆ.

ವಯಸ್ಸು 37. ಮದುವೆಯಾಗಿದೆ, ಒಬ್ಬಳು ಮಗಳು. ತಾಲ್ಲೂಕು ಕೇಂದ್ರದಲ್ಲಿ ವಾಸ, ದುಡ್ಡು ಕೈಯಲ್ಲಿ ಓಡಾಡುವ ಕೆಲಸ. ಲಾಕ್‌ಡೌನ್‌ನಲ್ಲಿ ಹೊತ್ತು ಹೋಗದೆ ಮೊಬೈಲ್‌ನಲ್ಲಿ ರಮ್ಮಿ ಹಿಡಿದೆ. ಅಲ್ಲಿಂದ ಕ್ರಿಕೆಟ್ ಬೆಟ್ಟಿಂಗ್. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಪಾಸಾಗಿ ಆ್ಯಪ್‌ನವರು ದುಡ್ಡಿನ ಆಟ ನಿಲ್ಲಿಸಿದಾಗ, ಸದ್ಯ ಬಚಾವಾದೆ ಅಂದುಕೊಂಡೆ. ಬಚಾವಾಗಿದ್ದು ಮೂರು ವಾರ. ಆಮೇಲೆ ಯಾರೋ ಟೆಲಿಗ್ರಾಮ್‌ನಲ್ಲಿ ಒಂದು ಲಿಂಕ್ ಕಳಿಸಿದರು. ಮುಂದಿನದು ಬೇಡ. ಹೆಂಡತಿಯ ಬಳೆಗಳು ಎರಡು ಸಲ ಅಡವಿಗೆ ಹೋಗಿ ಬಂದಿವೆ, ಅಷ್ಟು ಹೇಳಿದರೆ ಸಾಕಲ್ವಾ.

ಕೊನೆಗೆ ಅವಳೇ ಜಿಲ್ಲಾ ಕೇಂದ್ರದ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲೇ ಇರುವುದಲ್ಲ, ವಾರಕ್ಕೊಮ್ಮೆ ಹೋಗಿ ಮಾತಾಡಿ ಬರುವುದು. ಐದು ವಾರ ಹೋದೆ. ಸುಳ್ಳು ಯಾಕೆ ಹೇಳಲಿ, ಉಪಯೋಗ ಆಗುತ್ತಿತ್ತು.

ಹೋದ ಗುರುವಾರ ನಾನು ದಿನಾ ಹೋಗುವ ಹಾರ್ಡ್‌ವೇರ್ ಅಂಗಡಿಯ ಯಜಮಾನರು ನಾಲ್ಕು ಜನ ಗಿರಾಕಿಗಳ ಎದುರಿಗೆ, "ಏನಪ್ಪಾ, ಇಸ್ಪೀಟು ಬಿಡಿಸೋ ಡಾಕ್ಟ್ರ ಹತ್ರ ಹೋಗ್ತಿದ್ದೀಯಂತೆ?" ಅಂದರು. ನಗುನಗುತ್ತಲೇ ಅಂದರು. ನಾನು ಪೆನ್ನಿನ ಮುಚ್ಚಳ ಬಿದ್ದವನ ಹಾಗೆ ಬಗ್ಗಿ ನೆಲದ ಮೇಲೆ ಹುಡುಕುತ್ತಾ ಇದ್ದುಬಿಟ್ಟೆ.

ಕೌನ್ಸೆಲರ್‌ಗೆ ಹೇಳಿದ್ದು ಹೊರಗೆ ಬರಬಾರದು ಅಂತ ಕಾನೂನು ಏನಾದರೂ ಇದೆಯಾ? ಅಥವಾ ಅದೆಲ್ಲ ಗೋಡೆ ಮೇಲಿನ ಬೋರ್ಡಿಗೆ ಮಾತ್ರವಾ? ಆರನೇ ವಾರ ನಾನು ಹೋಗಿಲ್ಲ. ಹೋಗುವ ಮನಸ್ಸೂ ಇಲ್ಲ.

ಕಾಫಿ_ಪುಡಿ · 10:49

ಊರವರ ಮೇಲಿನ ಸಿಟ್ಟಿಗೆ ಚಿಕಿತ್ಸೆ ನಿಲ್ಲಿಸಬೇಡಿ. ಆ ಕೇಂದ್ರ ಬೇಡ ಅಂದರೆ ಇನ್ನೊಂದು.

ಗದಗಿನ_ಗಾಳಿ · 10:58

ನಮ್ಮ ಕಡೆ ಓಸಿ, ಅಂದರೆ ಮಟ್ಕಾ ಬರೆಯುವ ಒಬ್ಬ ಮನುಷ್ಯ ಇದ್ದ. ಬೀಡಿ ಅಂಗಡಿ ಹಿಂದೆ ಕೂತು ಸಣ್ಣ ಚೀಟಿಯಲ್ಲಿ ಓಪನ್ ಇಷ್ಟು, ಕ್ಲೋಸ್ ಇಷ್ಟು ಅಂತ ಬರೆದು ಕೊಡುತ್ತಿದ್ದ. ಮಾಸ್ತರರು, ಕಾರಕೂನರು, ಗುಡಿ ಪೂಜಾರಪ್ಪ, ಯಾರು ಎಷ್ಟು ಕಟ್ಟುತ್ತಾರೆ ಅಂತ ಎಲ್ಲ ಅವನಿಗೆ ಗೊತ್ತು. ಮೂವತ್ತು ವರ್ಷ ಒಂದು ಹೆಸರು ಅವನ ಬಾಯಿಂದ ಹೊರಗೆ ಬೀಳಲಿಲ್ಲ. ಈಗ ನೋಡ್ರಿ, ಚಟ ಹಚ್ಚುವವ ಮುಚ್ಚಿಡುತ್ತಾನೆ, ಬಿಡಿಸುವವ ಬಿಚ್ಚಿಡುತ್ತಾನೆ.

ಕಾಫಿ_ಪುಡಿ · 11:01

ಅವನಿಗೆ ಅದು ವ್ಯಾಪಾರ ಸ್ವಾಮಿ, ಧರ್ಮ ಅಲ್ಲ 😄

ಕರಿಕೋಟು · 11:20

ಕಾನೂನು ಖಂಡಿತ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಗೆ ಬಂದಿದ್ದು 2018ರ ಮೇನಲ್ಲಿ. ಅದರ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು. ನಿಮ್ಮ ಕಾಯಿಲೆ, ಚಿಕಿತ್ಸೆ ಎಲ್ಲ ಗುಟ್ಟಾಗಿ ಇಡಬೇಕಾದದ್ದು ಡಾಕ್ಟರ್ ಒಬ್ಬರೇ ಅಲ್ಲ, ಚಿಕಿತ್ಸೆ ಕೊಡುವ ಎಲ್ಲ ಆರೋಗ್ಯ ವೃತ್ತಿಪರರಿಗೂ ಆ ಕರ್ತವ್ಯ ಇದೆ. 24ನೇ ಸೆಕ್ಷನ್ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಫೋಟೋ ಆಗಲಿ, ಮಾಹಿತಿ ಆಗಲಿ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ಕಾಯ್ದೆ ಮುರಿದರೆ 108ನೇ ಸೆಕ್ಷನ್ನಿನಲ್ಲಿ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ವಿನಾಯಿತಿಗಳೂ ಇವೆ. ನಿಮಗೆ ಆರೈಕೆ ಕೊಡುವ ಬೇರೆ ವೈದ್ಯರಿಗೆ ಹೇಳಬಹುದು. ನೀವು ನೇಮಿಸಿದ ಪ್ರತಿನಿಧಿಗೆ ಹೇಳಬಹುದು. ಜೀವಕ್ಕೆ ಅಪಾಯ ಅಥವಾ ಇನ್ನೊಬ್ಬರಿಗೆ ಹಾನಿ, ಹಿಂಸೆ ತಪ್ಪಿಸಲು ಎಷ್ಟು ಬೇಕೋ ಅಷ್ಟೇ ಹೇಳಬಹುದು. ಕೋರ್ಟ್ ಆದೇಶ, ಸಾರ್ವಜನಿಕ ಸುರಕ್ಷತೆ ಇನ್ನೆರಡು. ಆ ಪಟ್ಟಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಲ್ಲ.

ತರ್ಕ_ತಿಮ್ಮ · 11:31

ವಕೀಲರೇ, ಸ್ವಲ್ಪ ನಿಲ್ಲಿ. ಆ ಕಾಯ್ದೆ ಮಾನಸಿಕ ಕಾಯಿಲೆಗೆ. ಜೂಜು ಕಾಯಿಲೆ ಯಾವಾಗ ಆಯ್ತು? ಅದು ದುರಭ್ಯಾಸ. ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯ, ಮಾದಕ ವಸ್ತು ಅಂತ ಇದೆ. ಜೂಜು ಅಂತ ಒಂದು ಪದ ತೋರಿಸಿ ನೋಡೋಣ.

ಕರಿಕೋಟು · 11:44

ಪದ ಇಲ್ಲ, ಒಪ್ಪಿದೆ. ಆದರೆ 3ನೇ ಸೆಕ್ಷನ್ ಓದಿ. ಯಾವುದು ಮಾನಸಿಕ ಕಾಯಿಲೆ ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಅನ್ನುವ ರೋಗಗಳ ಪಟ್ಟಿಯಂಥ ಒಪ್ಪಿತ ಮಾನದಂಡದ ಮೇಲೆ ನಿರ್ಧರಿಸಬೇಕು ಅಂತ ಅಲ್ಲಿದೆ. ಹಳೆಯ ಐಸಿಡಿ-10ರಲ್ಲೂ ಜೂಜಿನ ಕಾಯಿಲೆ ಇತ್ತು, ಕೋಡ್ ಎಫ್ 63.0. 2022ರಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ ಅದು 6ಸಿ50, ಮದ್ಯದ ಚಟದ ಪಕ್ಕದಲ್ಲೇ ಕೂರಿಸಿದ್ದಾರೆ. ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲೂ 2013ರಲ್ಲಿ ಇದನ್ನು ಚಟಗಳ ಸಾಲಿಗೆ ತಂದರು.

ತರ್ಕ_ತಿಮ್ಮ · 11:47

ಸರಿ, ಪಟ್ಟಿಯಲ್ಲಿದೆ. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಊರಿಗೆ ಗೊತ್ತಾಗಲಿ ಬಿಡಿ. ನಾಚಿಕೆಗಾದರೂ ಬಿಡುತ್ತಾರೆ.

ಮಂಡ್ಯದ_ಮಾತು · 11:52

ಧರ್ಮರಾಯ ಆಡಿದ್ದು ತುಂಬಿದ ಸಭೆಯಲ್ಲಿ. ತಾತ, ಗುರು, ಹೆಂಡತಿ ಎಲ್ಲರ ಮುಂದೆ ಮಾನ ಹೋಯ್ತು. ಎರಡನೇ ಸಲ ಕರೆದಾಗ ಮತ್ತೆ ಹೋಗಿ ಕೂತ. ನಾಚಿಕೆಯಿಂದ ಬಿಡುವ ಹಾಗಿದ್ದರೆ ವನವಾಸವೇ ಇರುತ್ತಿರಲಿಲ್ಲ ಕಣ್ರೀ.

ಗದಗಿನ_ಗಾಳಿ · 11:53

👏👏 ತಿಮ್ಮಣ್ಣ ಔಟ್.

ಕಿವಿ_ಕೊಡ್ತೀನಿ · ಮಂಗಳವಾರ ಬೆಳಿಗ್ಗೆ 6:15

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಹನ್ನೊಂದು ವರ್ಷದಿಂದ ಇದೇ ಕೆಲಸ. ಜೂಜಿನವರು ನನ್ನ ಹತ್ತಿರ ಬರುವಾಗ ಬೇರೆ ಚಟದವರಿಗಿಂತ ಹೆಚ್ಚು ಹೆದರಿರುತ್ತಾರೆ. ಕುಡಿತ ವಾಸನೆಯಲ್ಲೇ ಗೊತ್ತಾಗುತ್ತದೆ, ಮುಚ್ಚಿಡುವುದಕ್ಕೆ ಏನೂ ಉಳಿದಿರುವುದಿಲ್ಲ. ಜೂಜಿಗೆ ವಾಸನೆ ಇಲ್ಲ. ಹಾಗಾಗಿ ಮೊದಲ ಗಂಟೆ ಪೂರ್ತಿ ಒಂದೇ ಪ್ರಶ್ನೆ: "ಮೇಡಂ, ಇದನ್ನ ಎಲ್ಲಾದ್ರೂ ಬರ್ಕೊಳ್ತೀರಾ?"

ಬರೆದುಕೊಳ್ಳುತ್ತೇನೆ ಅಂತಲೇ ಹೇಳುತ್ತೇನೆ. ಏನು ಬರೆದೆ ಅಂತ ಕೇಳಿದರೆ ತೋರಿಸುತ್ತೇನೆ. 25ನೇ ಸೆಕ್ಷನ್ ಪ್ರಕಾರ ಅದು ಅವರ ಹಕ್ಕು ಕೂಡ. ಗುಟ್ಟಿಗೆ ಎಲ್ಲಿಯವರೆಗೆ ಬೇಲಿ, ಎಲ್ಲಿ ಬೇಲಿ ಇಲ್ಲ ಅನ್ನುವುದನ್ನೂ ಮೊದಲ ದಿನವೇ ಹೇಳಬೇಕು. ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ನಾನು ಸುಮ್ಮನಿರಲ್ಲ, ಮನೆಯವರಿಗೆ ಫೋನ್ ಮಾಡುತ್ತೇನೆ. ಇದನ್ನು ಮುಂಚೆ ಹೇಳದೆ ಆಮೇಲೆ ಮಾಡಿದರೆ ಅದು ಮೋಸ.

ಮೂಲ ಪ್ರಶ್ನೆ ಕೇಳಿದವರಿಗೆ: ಕೌನ್ಸೆಲರ್ ಬಾಯಿಬಿಟ್ಟರು ಅಂತ ತೀರ್ಮಾನಿಸುವ ಮೊದಲು ನಾಲ್ಕು ವಿಷಯ ನೆನಪು ಮಾಡಿಕೊಳ್ಳಿ. ಬಾಗಿಲಲ್ಲಿ ರಿಜಿಸ್ಟರ್ ಇತ್ತಾ? ಹೆಸರು ಹೇಗೆ ಕೂಗುತ್ತಿದ್ದರು? ಮೆಸೇಜ್ ಯಾವ ನಂಬರಿಗೆ ಬರುತ್ತಿತ್ತು? ವಾಟ್ಸಾಪ್ ಗ್ರೂಪ್ ಏನಾದರೂ? ನಾನು ನೋಡಿದ ಹಾಗೆ ಗುಟ್ಟು ಸೋರುವುದು ಒಳಗಿನ ಕೋಣೆಯಿಂದ ಕಡಿಮೆ, ಹೊರಗಿನ ಮೇಜಿನಿಂದ ಜಾಸ್ತಿ.

ಹೆಸರು_ಬೇಡ_ಬಿಡಿ · 7:40

ಮೇಡಂ, ನೀವು ಕೇಳಿದ ನಾಲ್ಕೂ ಇವೆ.

ಬಾಗಿಲ ಹತ್ತಿರ ಉದ್ದ ನೋಟ್‌ಬುಕ್ ಇದೆ. ದಾರ ಕಟ್ಟಿದ ಪೆನ್ನು. ಹೆಸರು, ಊರು, ಫೋನ್, ಬಂದ ಸಮಯ, ಕೊನೆಯಲ್ಲಿ "ಸಮಸ್ಯೆ" ಅಂತ ಒಂದು ಕಾಲಂ. ನನ್ನ ಮೇಲೆ ಬರೆದವರದ್ದು ನನಗೆ ಕಾಣುತ್ತದೆ, ನನ್ನದು ಕೆಳಗಿನವರಿಗೆ. ಹೆಚ್ಚಿನವರು "ಕುಡಿತ" ಅಂತ ಬರೆದಿದ್ದರು. ನಾನು ಮೊದಲ ಸಲ "ಸಾಮಾನ್ಯ" ಅಂತ ಬರೆದೆ. ಮೇಜಿನ ಹುಡುಗ ಓದಿ, ಹೊಡೆದುಹಾಕಿ, ಅವನ ಕೈಯಲ್ಲೇ "ಆನ್‌ಲೈನ್ ರಮ್ಮಿ" ಅಂತ ಬರೆದ. ಕರೆಯುವಾಗಲೂ ಹೆಸರಿಲ್ಲ, "ರಮ್ಮಿಯವರು ಯಾರು, ಒಳಗೆ ಬನ್ನಿ."

ಮೂರನೇ ವಾರ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ಕೇಳಲಿಲ್ಲ. ದಿನಾ ಬೆಳಿಗ್ಗೆ ಒಂದು ಒಳ್ಳೆ ಮಾತು ಕಳಿಸುತ್ತಾರೆ. 43 ಜನ ಇದ್ದಾರೆ, ಎಲ್ಲರ ನಂಬರ್, ಫೋಟೋ ಕಾಣುತ್ತದೆ. ನನ್ನ ಡಿಪಿಯಲ್ಲಿ ಮಗಳನ್ನು ಎತ್ತಿಕೊಂಡ ಫೋಟೋ ಇತ್ತು.

ನಿನ್ನೆ ರಾತ್ರಿ ಒಬ್ಬೊಬ್ಬರ ನಂಬರನ್ನೂ ನೋಡುತ್ತಾ ಹೋದೆ. ಹಾರ್ಡ್‌ವೇರ್ ಅಂಗಡಿಯವರ ತಂಗಿ ಮಗ ಅದೇ ಗ್ರೂಪಿನಲ್ಲಿದ್ದಾನೆ.

ಕಾಫಿ_ಪುಡಿ · 7:44

ಗ್ರೂಪಾ!! ಒಪ್ಪಿಗೆ ಕೇಳದೇನಾ!! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು.

ಸರ್ವರ್_ಸಿದ್ದ · 8:10

ಐಟಿ ಕಡೆಯಿಂದ ಎರಡು ಮಾತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ದಂಡ 250 ಕೋಟಿವರೆಗೆ ಅಂತ ಪೇಪರ್‌ನಲ್ಲೆಲ್ಲ ದೊಡ್ಡದಾಗಿ ಬಂತು. ಆದರೆ ಮುಖ್ಯ ನಿಯಮಗಳಿಗೆ 18 ತಿಂಗಳ ಕಾಲಾವಕಾಶ ಇದೆ, ಅಂದರೆ 2027ರ ಮೇವರೆಗೆ. ಇನ್ನೊಂದು ಬೇಜಾರಿನ ವಿಷಯ: 2011ರ ಹಳೆಯ ಐಟಿ ನಿಯಮಗಳಲ್ಲಿ ಮಾನಸಿಕ ಆರೋಗ್ಯದ ಮಾಹಿತಿ "ಸೂಕ್ಷ್ಮ" ಅಂತ ಬೇರೆ ಗುಂಪಿನಲ್ಲಿತ್ತು. ಹೊಸ ಕಾಯ್ದೆಯಲ್ಲಿ ಆ ಬೇರೆ ಗುಂಪೇ ಇಲ್ಲ. ನಿಮ್ಮ ಹಲ್ಲುನೋವು, ನಿಮ್ಮ ಜೂಜು, ನಿಮ್ಮ ಪಿಜ್ಜಾ ಆರ್ಡರ್, ಕಾಯ್ದೆಯ ಕಣ್ಣಿಗೆ ಎಲ್ಲ ಒಂದೇ ಡೇಟಾ.

ಗ್ರೂಪ್ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದ್ದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತಲೇ ಇರಲಿಲ್ಲ. ಎರಡು ನಿಮಿಷದ ಕೆಲಸ.

ಬೆಂಗ್ಳೂರ್_ಬಸವಿ · 8:32

ಪ್ರೈವಸಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಪುಟ್ಟಸ್ವಾಮಿಯವರ ಕೇಸಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ಮೇಲೆ ಹೋರಾಡಿ ತಂದುಕೊಟ್ಟ ಹಕ್ಕು. ನಮ್ಮವರು ದಾರ ಕಟ್ಟಿದ ಪೆನ್ನಲ್ಲಿ ಬರೆಸಿ ಕಳೆಯುತ್ತಿದ್ದಾರೆ.

ಕುಡ್ಲದ_ಕೋರಿ · 9:05

ನಮ್ಮ ಕಡೆ ಗುಟ್ಟು ಅನ್ನುವುದೇ ಇಲ್ಲ ಮಾರಾಯ್ರೆ. ಕೋಳಿ ಅಂಕಕ್ಕೆ ಹೋದವರ ಲಿಸ್ಟ್ ಸಂಜೆ ಒಳಗೆ ಇಡೀ ಗ್ರಾಮಕ್ಕೆ ಗೊತ್ತು. ಯಾರ ಹುಂಜ ಗೆದ್ದಿತು, ಯಾರ ದುಡ್ಡು ಹೋಯಿತು, ಎಲ್ಲ.

ಗದಗಿನ_ಗಾಳಿ · 9:09

ಅದರಲ್ಲಿ ಸೋತ ಕೋಳಿ ಯಾರಿಗೆ ಹೋಗ್ತದ?

ಕುಡ್ಲದ_ಕೋರಿ · 9:11

ಗೆದ್ದವನಿಗೆ. ಮನೆಯಲ್ಲಿ ಸುಕ್ಕ.

ತರ್ಕ_ತಿಮ್ಮ · 9:15

ಊಟದ ವಿಷಯ ಬೇರೆ ಕಡೆ ಮಾತಾಡಿ. ರಮ್ಮಿ ಜೂಜೇ ಅಲ್ಲ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ, ಅದು ಜಾಣ್ಮೆಯ ಆಟ. ಹಾಗಿದ್ದ ಮೇಲೆ ಚಟ ಎಲ್ಲಿಂದ ಬಂತು?

ಕರಿಕೋಟು · 9:22

ಜಾಣ್ಮೆಯ ಪಾಲು ಹೆಚ್ಚು ಅಂತ ಕೋರ್ಟ್ ಹೇಳಿದ್ದು ನಿಜ. ಅದು ಪೊಲೀಸರು ಹಿಡಿಯಬಹುದಾ ಅನ್ನುವ ಪ್ರಶ್ನೆಗೆ ಉತ್ತರ. ಬಳೆ ಅಡವಿಟ್ಟವನಿಗೆ ಕಾಯಿಲೆ ಇದೆಯಾ ಅನ್ನುವ ಪ್ರಶ್ನೆಗಲ್ಲ.

ಬಳೆ_ಹೋಯ್ತು · 11:30

ನಿನ್ನೆ ರಾತ್ರಿಯಿಂದ ಓದುತ್ತಿದ್ದೇನೆ. ಎಲ್ಲರೂ ಗೋಪ್ಯತೆ, ಗೋಪ್ಯತೆ ಅನ್ನುತ್ತಿದ್ದೀರಿ. ನಾನು ಆ ಕಡೆಯವಳು, ಹೆಂಡತಿ.

ನಮ್ಮವರಿಗೂ ಇದೇ ಚಟ. ಬೆಂಗಳೂರಿನ ಒಳ್ಳೆಯ ಕೌನ್ಸೆಲರ್. ನಾನು ಕೇಳಿದ್ದು ಒಂದೇ ಮಾತು, "ಮೇಡಂ, ಒಟ್ಟು ಸಾಲ ಎಷ್ಟು?" ಅವರು, "ಅದನ್ನು ನಿಮ್ಮ ಯಜಮಾನರೇ ಹೇಳಬೇಕು, ನಾನು ಹೇಳುವ ಹಾಗಿಲ್ಲ" ಅಂದರು. ಇವರು ಮೂರು ಲಕ್ಷ ಅಂದರು. ನಮ್ಮಪ್ಪ ಜಮೀನಿನ ಮೇಲೆ ಸಾಲ ಎತ್ತಿ ಮೂರು ಲಕ್ಷ ಕೊಟ್ಟರು. ಎರಡು ತಿಂಗಳ ಮೇಲೆ ಗೊತ್ತಾಯ್ತು, ಹನ್ನೊಂದು ಲಕ್ಷ ಇತ್ತು. ಕೌನ್ಸೆಲರ್‌ಗೆ ಮೊದಲ ದಿನವೇ ಹನ್ನೊಂದು ಅಂತ ಹೇಳಿದ್ದರಂತೆ!

ಹತ್ತು ವರ್ಷ ಅವರು ಎಲೆಗಳನ್ನು ಎದೆಗೆ ಒತ್ತಿ ಹಿಡಿದು ಆಡಿದರು. ಚಿಕಿತ್ಸೆಗೆ ಹೋದ ಮೇಲೂ ಅಷ್ಟೇ. ಬರೀ ಒಂದು ಎಲೆ ಹಿಡಿದುಕೊಳ್ಳಲು ಕೌನ್ಸೆಲರ್ ಕೈ ಸಿಕ್ಕಿತು. ನನ್ನ ಮನೆ, ನನ್ನ ಅಪ್ಪನ ಜಮೀನು. ನಾನು "ಮೂರನೆಯವಳು" ಹೇಗಾದೆ?

ಕಾಫಿ_ಪುಡಿ · 11:34

ಇದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ ಅಕ್ಕಾ.

ಕಿವಿ_ಕೊಡ್ತೀನಿ · ಮಧ್ಯಾಹ್ನ 1:50

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಕೌನ್ಸೆಲರ್ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತಲೂ ನೋಡಿ. ಮುಂದಿನ ವಾರ ಅವರು ಬರುತ್ತಿರಲಿಲ್ಲ, ಅಥವಾ ಬಂದು ಕೌನ್ಸೆಲರ್‌ಗೂ ಮೂರು ಲಕ್ಷ ಅನ್ನುತ್ತಿದ್ದರು. ನಿಜವಾದ ಅಂಕಿ ಗೊತ್ತಿರುವ ಒಬ್ಬ ಮನುಷ್ಯರೂ ಉಳಿಯುತ್ತಿರಲಿಲ್ಲ.

ಹಾಗಂತ "ನಾನು ಹೇಳುವ ಹಾಗಿಲ್ಲ" ಅಂತ ಕೈ ತೊಳೆದುಕೊಳ್ಳುವುದೂ ತಪ್ಪು. ನಾನಾಗಿದ್ದರೆ ಎರಡನೇ ವಾರವೇ ಅವರಿಗೆ ಹೇಳುತ್ತಿದ್ದೆ: "ನಿಮ್ಮ ಮಾವ ಯಾವ ಅಂಕಿ ನಂಬಿ ದುಡ್ಡು ಕೊಡುತ್ತಿದ್ದಾರೋ ಅದು ಸುಳ್ಳು ಅಂತ ನಮ್ಮಿಬ್ಬರಿಗೂ ಗೊತ್ತು. ಇದನ್ನು ಇಟ್ಟುಕೊಂಡು ಮುಂದಿನ ಕೆಲಸ ಆಗಲ್ಲ. ಈ ಕೋಣೆಯಲ್ಲೇ, ನಾನು ಪಕ್ಕದಲ್ಲಿ ಕೂತಿರುತ್ತೇನೆ, ನೀವೇ ಹೇಳಿ." ಹೆಚ್ಚಿನವರು ಹೇಳುತ್ತಾರೆ. ಅಳುತ್ತಾರೆ, ಹೇಳುತ್ತಾರೆ.

ಇನ್ನೊಂದು ದಾರಿ ಕಾಯ್ದೆಯಲ್ಲೇ ಇದೆ. 14ನೇ ಸೆಕ್ಷನ್. ರೋಗಿ ಬಿಳಿ ಹಾಳೆಯಲ್ಲಿ "ಇಂಥವರು ನನ್ನ ಪ್ರತಿನಿಧಿ" ಅಂತ ಬರೆದು ಸಹಿ ಹಾಕಿದರೆ ಸಾಕು. ಸಾಲದ ಅಂಕಿ, ಬ್ಯಾಂಕ್ ಖಾತೆ, ಮತ್ತೆ ಆಡಿದರೆ ಸುದ್ದಿ, ಯಾವುದನ್ನು ಹೆಂಡತಿಗೆ ಹೇಳಬಹುದು ಅಂತಲೂ ನಾನು ಬೇರೆ ಹಾಳೆಯಲ್ಲಿ ಬರೆಸಿಕೊಳ್ಳುತ್ತೇನೆ. ಬಾಲ್ಯದ ಕಥೆ ಎಲ್ಲ ಹೇಳಬೇಕಿಲ್ಲ. ದುಡ್ಡಿನ ಕಥೆ ಹೇಳಬೇಕು.

ಸರ್ವರ್_ಸಿದ್ದ · 2:05

ಅಕ್ಕ, ಇನ್ನು ಮುಂದೆ ಬಾಯಿಮಾತು ನಂಬಬೇಡಿ. ಕ್ರೆಡಿಟ್ ಬ್ಯೂರೋಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು, ಆರ್‌ಬಿಐ ನಿಯಮ. ಅವರೇ ನಿಮ್ಮ ಎದುರಿಗೆ ಕೂತು, ಅವರ ಫೋನಿನಲ್ಲೇ ಒಟಿಪಿ ಹಾಕಿ ತೆಗೆಯಲಿ. ಬ್ಯಾಂಕ್, ಕಾರ್ಡ್, ನೋಂದಾಯಿತ ಫೈನಾನ್ಸ್‌ಗಳದ್ದೆಲ್ಲ ಬರುತ್ತದೆ. ಕೌನ್ಸೆಲರ್ ಬಾಯಿ ಬಿಡಿಸುವ ಅಗತ್ಯವೇ ಇಲ್ಲ.

ಬಳೆ_ಹೋಯ್ತು · 2:11

ಕೈಸಾಲ ಬರುತ್ತಾ ಅದರಲ್ಲಿ?

ಸರ್ವರ್_ಸಿದ್ದ · 2:12

ಅದು ಬರಲ್ಲ.

ಬಳೆ_ಹೋಯ್ತು · 2:12

ಆರು ಲಕ್ಷ ಕೈಸಾಲ ಇತ್ತು.

ಹೊಸಪೇಟೆ_ಹೈದ · 3:30

ನಾನು ಕಂಡ ಸೋರಿಕೆ ಬೇರೆ ಥರದ್ದು. ಕಂಪನಿಯ ಗುಂಪು ವಿಮೆ ಇತ್ತು. ಕನ್ಸಲ್ಟೇಶನ್ ಬಿಲ್ ಕ್ಲೇಮಿಗೆ ಹಾಕಿದೆ. ಕಾಗದಗಳು ಎಚ್‌ಆರ್ ಮೂಲಕವೇ ಹೋಗಬೇಕಿತ್ತು. ಬಿಲ್ಲಿನಲ್ಲಿ ಕಾಯಿಲೆ ಹೆಸರಿಲ್ಲ, ಬರೀ "ಎಫ್ 63.0". ಸೇಫ್ ಅಂದುಕೊಂಡೆ. ಎಚ್‌ಆರ್ ಹುಡುಗಿ ಗೂಗಲ್ ಮಾಡಿದಳು. ಕೆಲಸ ಹೋಗಲಿಲ್ಲ. ಮುಂದಿನ ತಿಂಗಳು ಆಫೀಸಿನ ದೀಪಾವಳಿ ಚಂದಾ ಎತ್ತುವ ಕೆಲಸವನ್ನು ನನ್ನಿಂದ ತೆಗೆದು ಇನ್ನೊಬ್ಬನಿಗೆ ಕೊಟ್ಟರು. ಯಾರೂ ಏನೂ ಹೇಳಲಿಲ್ಲ. ಎಂಟು ವರ್ಷದಿಂದ ನಾನೇ ಎತ್ತುತ್ತಿದ್ದೆ.

ಕರಿಕೋಟು · 3:41

ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು ಅಂತ ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಕಾಗದ ಎಚ್‌ಆರ್ ಕೈಯಿಂದಲೇ ಹೋಗಬೇಕಾ ಅಂತ ಮೊದಲು ಕೇಳಿ. ಎಷ್ಟೋ ಕಡೆ ನೇರವಾಗಿ ವಿಮೆಯವರ ಪೋರ್ಟಲ್ಲಿಗೆ ಹಾಕಬಹುದು.

ಮಂಡ್ಯದ_ಮಾತು · 4:20

ಸಾಲದ ಆ್ಯಪ್‌ನವರ ವಿಷಯ ಯಾರೂ ಎತ್ತಲಿಲ್ಲ. ನನ್ನ ಭಾವಮೈದ ಡಾಕ್ಟರ್ ಹತ್ತಿರ ಗುಟ್ಟಾಗಿ ಹೋಗುತ್ತಿದ್ದ. ಅಷ್ಟರಲ್ಲಿ ಸಾಲದ ಆ್ಯಪ್‌ನವನು ಅವನ ಫೋನಿನಲ್ಲಿದ್ದ ಎಲ್ಲ ನಂಬರಿಗೂ ಮೆಸೇಜ್ ಹಾಕಿದ, ಹಾಲಿನವನನ್ನೂ ಸೇರಿಸಿ. ಡಾಕ್ಟರ್ ಗುಟ್ಟು ಕಾದರು, ಫೋನ್ ಕಾಯಲಿಲ್ಲ.

ಸರ್ವರ್_ಸಿದ್ದ · 4:26

2022ರ ಸೆಪ್ಟೆಂಬರಿನಿಂದಲೇ ಆರ್‌ಬಿಐ ನಿಯಮದ ಪ್ರಕಾರ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟುವ ಹಾಗೇ ಇಲ್ಲ. ಆದರೆ ಮುಟ್ಟುವವರು ಆರ್‌ಬಿಐ ಲೆಕ್ಕದಲ್ಲೇ ಇಲ್ಲದ ಕಳ್ಳ ಆ್ಯಪ್‌ಗಳು.

ವ್ಯಾಪಾರಿ_ವೀರಭದ್ರ · ಸಂಜೆ 6:02

ಮೂಲ ಪೋಸ್ಟ್ ಹಾಕಿದ ತಮ್ಮಾ, ಒಂದು ನೇರ ಪ್ರಶ್ನೆ. "ದುಡ್ಡು ಕೈಯಲ್ಲಿ ಓಡಾಡುವ ಕೆಲಸ", "ದಿನಾ ಹೋಗುವ ಅಂಗಡಿ" ಅಂದೆ. ಪಿಗ್ಮಿ ಕಲೆಕ್ಷನ್ ಅಲ್ವಾ?

ನಾನೂ ಅಂಗಡಿಯವನೇ. ದಿನಾ ನೂರೈವತ್ತು ಕಟ್ಟುತ್ತೇನೆ, ಮಗಳ ಮದುವೆಗೆ. ಬರುವ ಹುಡುಗನನ್ನು ನಂಬಿ ಕೊಡುತ್ತೇನೆ, ಬ್ಯಾಂಕನ್ನಲ್ಲ. ಅವನು ಬೆಟ್ಟಿಂಗ್ ಆಡುತ್ತಾನೆ ಅಂತ ಒಬ್ಬ ಡಾಕ್ಟರಿಗೆ ಗೊತ್ತಿದ್ದೂ ನನಗೆ ಹೇಳಬಾರದು ಅಂದರೆ, ಆ ಕಾನೂನು ಯಾರನ್ನು ಕಾಯುತ್ತಿದೆ?

ತರ್ಕ_ತಿಮ್ಮ · 6:05

ಇದನ್ನೇ ನಾನು ನಿನ್ನೆಯಿಂದ ಹೇಳುತ್ತಿರುವುದು.

ಬೆಂಗ್ಳೂರ್_ಬಸವಿ · 6:08

ನೀವು ಹೇಳಿದ್ದು ನಾಚಿಕೆಯಿಂದ ಬಿಡ್ತಾರೆ ಅಂತ. ಇದು ಬೇರೆ ಪ್ರಶ್ನೆ. ಚೆನ್ನಾಗಿರುವ ಪ್ರಶ್ನೆ.

ಕುಡ್ಲದ_ಕೋರಿ · 6:15

ಪಿಗ್ಮಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ ಗೊತ್ತುಂಟಾ, ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದು. ನನ್ನ ಅಜ್ಜಿ ಎರಡಾಣೆ ಕಟ್ಟುತ್ತಿದ್ದರು. ಸಾರಿ, ವಿಷಯ ಬಿಟ್ಟು ಹೋದೆ.

ಕರಿಕೋಟು · 6:40

ವೀರಭದ್ರಣ್ಣ, ಕಾನೂನಿನ ಉತ್ತರ ಇದು. ಗೋಪ್ಯತೆ ಪೂರ್ಣ ಹಕ್ಕಲ್ಲ, ಸುಪ್ರೀಂ ಕೋರ್ಟ್ 1998ರಲ್ಲೇ ಎಚ್‌ಐವಿ ಸೋಂಕಿತರೊಬ್ಬರ ಕೇಸಿನಲ್ಲಿ, ಮದುವೆಯಾಗಬೇಕಿದ್ದ ಹುಡುಗಿಯ ಜೀವದ ಪ್ರಶ್ನೆ ಬಂದಾಗ ಅದನ್ನು ಹೇಳಿದೆ. ವೈದ್ಯರ ನಡತೆಯ 2002ರ ನಿಯಮಗಳಲ್ಲೂ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಗಂಭೀರ ಅಪಾಯ ಇದ್ದರೆ ಹೇಳಬಹುದು ಅಂತಿದೆ. ಆದರೆ "ದುಡ್ಡು ಮುಟ್ಟಬಹುದೇನೋ" ಅನ್ನುವ ಅನುಮಾನ ಆ ಮಟ್ಟಕ್ಕೆ ಏರುವುದಿಲ್ಲ ಅಂತ ನನ್ನ ಅಭಿಪ್ರಾಯ. ಜೂಜಾಡಿದ ಅಂತ ಪೊಲೀಸರಿಗೆ ಹೇಳುವ ಕರ್ತವ್ಯವೂ ಕೌನ್ಸೆಲರ್‌ಗೆ ಇಲ್ಲ. 2025ರ ಕೇಂದ್ರ ಕಾನೂನಿನಲ್ಲಂತೂ ಆಟ ನಡೆಸುವವರಿಗೆ ಶಿಕ್ಷೆ, ಆಡುವವರಿಗೆ ಶಿಕ್ಷೆಯೇ ಇಟ್ಟಿಲ್ಲ.

ವ್ಯಾಪಾರಿ_ವೀರಭದ್ರ · 6:44

ನಿಮ್ಮ ಕಾನೂನು ನನ್ನ ನೂರೈವತ್ತಕ್ಕೆ ಬಡ್ಡಿ ಕೊಡಲ್ಲ ವಕೀಲರೇ.

ಹೆಸರು_ಬೇಡ_ಬಿಡಿ · ರಾತ್ರಿ 9:55

ಹೌದು ಅಣ್ಣ, ಪಿಗ್ಮಿ. ಒಂದು ಸಹಕಾರ ಸಂಘದ್ದು. 112 ಜನ ಗ್ರಾಹಕರು. ಸೊಂಟಕ್ಕೆ ಕಟ್ಟುವ ಚೀಲ, ಚೀಟಿ ಕೊಡುವ ಸಣ್ಣ ಯಂತ್ರ.

ನೀವು ಕೇಳದೇ ಇರುವುದನ್ನೂ ಹೇಳುತ್ತೇನೆ. ಒಂದು ಶನಿವಾರ 4,000 ಮುಟ್ಟಿದ್ದೆ. ಸಂಘಕ್ಕೆ ಸೋಮವಾರ ಕಟ್ಟಬೇಕಿತ್ತು. ಭಾನುವಾರ ರಾತ್ರಿ ಹೆಂಡತಿ ತನ್ನ ಚೀಟಿ ದುಡ್ಡು ಕೊಟ್ಟಳು, ಬೆಳಿಗ್ಗೆ ಪೂರ್ತಿ ಕಟ್ಟಿದೆ. ಯಾರ ಲೆಕ್ಕದಲ್ಲೂ ಒಂದು ರೂಪಾಯಿ ಹೆಚ್ಚುಕಮ್ಮಿ ಆಗಲಿಲ್ಲ. ಆ ದಿನವೇ ಅವಳು ಕೌನ್ಸೆಲರ್ ನಂಬರ್ ಹುಡುಕಿದ್ದು.

ಇದನ್ನು ಕೌನ್ಸೆಲರ್‌ಗೆ ಹೇಳಿದ್ದೇನೆ. ಅಂಗಡಿಯವರು ಮೊನ್ನೆ ನಕ್ಕಾಗ ನನಗೆ ಭಯ ಆಗಿದ್ದು ರಮ್ಮಿ ವಿಷಯಕ್ಕಲ್ಲ, ಈ 4,000ಕ್ಕೆ. ಅದು ಹೊರಗೆ ಬಂದಿದ್ದರೆ 112 ಜನವೂ ಒಂದೇ ದಿನ ಖಾತೆ ಮುಚ್ಚಿಸುತ್ತಾರೆ.

ಗುಟ್ಟು ಉಳಿಯುತ್ತದೆ ಅಂತ ನಂಬಿದ್ದಕ್ಕೇ ಅದನ್ನು ಅಲ್ಲಿ ಹೇಳಿದೆ. ಇಲ್ಲದಿದ್ದರೆ ಅಲ್ಲಿಗೂ ಹೋಗುತ್ತಿರಲಿಲ್ಲ. ಮುಂದಿನ ಸಲ 4,000ಕ್ಕೆ ನಿಲ್ಲುತ್ತಲೂ ಇರಲಿಲ್ಲ.

ಕಿವಿ_ಕೊಡ್ತೀನಿ · 10:20

ಇದನ್ನು ಬರೆಯುವುದು ಸುಲಭ ಅಲ್ಲ. ವೀರಭದ್ರಣ್ಣ, ನಿಮ್ಮ ಪ್ರಶ್ನೆಗೆ ಅವರೇ ಉತ್ತರ ಕೊಟ್ಟರು ನೋಡಿ. ಡಾಕ್ಟರ್ ನಿಮಗೆ ಹೇಳುತ್ತಾರೆ ಅಂತಿದ್ದರೆ ಡಾಕ್ಟರಿಗೇ ಗೊತ್ತಾಗುತ್ತಿರಲಿಲ್ಲ.

ಆದರೆ ತಮ್ಮಾ, ನಾನು ನಿಮ್ಮ ಕೌನ್ಸೆಲರ್ ಆಗಿದ್ದರೆ ಇಷ್ಟಕ್ಕೆ ಬಿಡುತ್ತಿರಲಿಲ್ಲ. ನಾನು ಸಂಘಕ್ಕೆ ಫೋನ್ ಮಾಡಲ್ಲ, ನಿಜ. ಆದರೆ ಕಾಲು ಮುರಿದವನನ್ನು ಮರ ಹತ್ತಿಸಲ್ಲ ತಾನೇ. ಆರು ತಿಂಗಳು ಆ ಚೀಲ ಸೊಂಟಕ್ಕೆ ಕಟ್ಟಬೇಡಿ. ಕಾರಣ ಹೇಳಬೇಕಿಲ್ಲ, ಬೆನ್ನುನೋವು ಅನ್ನಿ, ಏನಾದರೂ ಅನ್ನಿ, ಒಳಗಿನ ಕೆಲಸ ಕೇಳಿ.

ತರ್ಕ_ತಿಮ್ಮ · 10:24

ಡಾಕ್ಟರೇ ಸುಳ್ಳು ಹೇಳಿಸುತ್ತಿದ್ದಾರೆ 🙂

ಕಿವಿ_ಕೊಡ್ತೀನಿ · 10:26

ಬೈಕಿನಲ್ಲಿ ದಿನಾ 112 ಕಡೆ ಹತ್ತಿ ಇಳಿಯುವವರಿಗೆ ಬೆನ್ನುನೋವು ಸುಳ್ಳಾಗಿರಲ್ಲ ಬಿಡಿ.

ಪಾರಾದವನು · 11:10

ಮೂರು ವರ್ಷ ಎರಡು ತಿಂಗಳಾಯ್ತು ನಾನು ಎಲೆ ಮುಟ್ಟಿ. ನಮ್ಮ ಊರಲ್ಲಿ ಜೂಜಿನವರಿಗೆ ಬೇರೆ ಕೂಟ ಇರಲಿಲ್ಲ, ಕುಡಿತ ಬಿಟ್ಟವರ ಎಎ ಕನ್ನಡ ಮೀಟಿಂಗಿನಲ್ಲಿ ಹೋಗಿ ಕೂರುತ್ತಿದ್ದೆ. ಪಾಪ, ಬೇಡ ಅನ್ನಲಿಲ್ಲ. ಜೂಜಿನವರ ಗ್ಯಾಂಬ್ಲರ್ಸ್ ಅನಾನಿಮಸ್ ಅಮೆರಿಕದಲ್ಲಿ 1957ರಲ್ಲಿ ಶುರುವಾಗಿದ್ದು, ಹೆಸರಿನಲ್ಲೇ "ಅನಾಮಧೇಯ" ಇದೆ. ಬರೀ ಕರೆಯುವ ಹೆಸರು, ಮನೆತನದ ಹೆಸರಿಲ್ಲ, ರಿಜಿಸ್ಟರ್ ಇಲ್ಲ.

ಅಲ್ಲಿ ಕಲಿತ ಒಂದು ವಿಷಯ: ಇಲ್ಲಿ ಯಾರನ್ನು ನೋಡಿದೆ ಅನ್ನುವುದೂ ಗುಟ್ಟೇ. ನಾನು ಹೇಳಿದ್ದಷ್ಟೇ ಅಲ್ಲ. ತಮ್ಮಾ, ಬೇಜಾರು ಮಾಡಿಕೊಳ್ಳಬೇಡಿ, ಆ ರಿಜಿಸ್ಟರಿನಲ್ಲಿ ನೀವು ಓದಿದ ಹೆಸರುಗಳನ್ನು ಯಾರಿಗಾದರೂ ಹೇಳಿದ್ದೀರಾ?

ಹೆಸರು_ಬೇಡ_ಬಿಡಿ · 11:31

ಹೆಂಡತಿಗೆ ಹೇಳಿದೆ. ಒಬ್ಬರು ಮಗಳ ಸ್ಕೂಲಿನ ಪಿಟಿ ಮೇಷ್ಟ್ರು. "ನೋಡು, ಅವರೂ ಬರ್ತಾರೆ" ಅಂತ. ಸಮಾಧಾನಕ್ಕೆ ಹೇಳಿದ್ದು.

ಪಾರಾದವನು · 11:33

ಅಂಗಡಿಯವರ ಸೋದರಳಿಯನೂ ಮಾವನಿಗೆ ಸಮಾಧಾನಕ್ಕೇ ಹೇಳಿರಬಹುದು.

ಹೆಸರು_ಬೇಡ_ಬಿಡಿ · 11:58

ಹ್ಮ್.

ಕಾಫಿ_ಪುಡಿ · ಬುಧವಾರ ಬೆಳಿಗ್ಗೆ 7:02

ಯಾರಾದರೂ ಓದುತ್ತಿದ್ದರೆ ಹೇಳಿಬಿಡುತ್ತೇನೆ. ಊರಲ್ಲಿ ಮುಖ ತೋರಿಸುವುದು ಕಷ್ಟ ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಬೆಂಗಳೂರು ಹತ್ತಿರ ಇರುವವರಿಗೆ ನಿಮ್ಹಾನ್ಸ್ ಇದೆ, ಅಲ್ಲಿ ಮೊಬೈಲ್, ಆನ್‌ಲೈನ್ ಚಟಕ್ಕೇ ಬೇರೆ ಕ್ಲಿನಿಕ್ ಕೂಡ ಇದೆ.

ಕರಿಕೋಟು · 7:30

ತಮ್ಮಾ, ಕೇಂದ್ರಕ್ಕೆ ಒಂದು ಅರ್ಜಿ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಗ್ರೂಪಿನಿಂದ ತೆಗೆಯಬೇಕು, ರಿಜಿಸ್ಟರಿನ ಆ ಕಾಲಂ ನಿಲ್ಲಿಸಬೇಕು, ನನ್ನ ದಾಖಲೆಯ ಪ್ರತಿ ಕೊಡಬೇಕು ಅಂತ. ಕೇಳಿದ 72 ಗಂಟೆಯಲ್ಲಿ ದಾಖಲೆ ಕೊಡಬೇಕು ಅಂತ ವೈದ್ಯರ ನಿಯಮ ಇದೆ. ಬಗ್ಗದಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು. ಆ ಕೇಂದ್ರ ಅಲ್ಲಿ ನೋಂದಣಿ ಆಗಿದೆಯಾ ಅಂತಲೂ ನೋಡಿ. ಆಗಿರದಿದ್ದರೆ ಅದೇ ಬೇರೆ ಕೇಸ್.

ಹೆಸರು_ಬೇಡ_ಬಿಡಿ · ಮುಂದಿನ ಸೋಮವಾರ, ರಾತ್ರಿ 9:20

ಕೇಳಿದವರಿಗೆಲ್ಲ ಸುದ್ದಿ.

ಅರ್ಜಿ ಕೊಟ್ಟೆ. ಡಾಕ್ಟರ್ ಕ್ಷಮೆ ಕೇಳಿದರು, ಗ್ರೂಪ್ ಇರುವುದು ಅವರಿಗೆ ಗೊತ್ತೇ ಇರಲಿಲ್ಲವಂತೆ, ಮೇಜಿನ ಹುಡುಗ ಒಳ್ಳೇದಾಗಲಿ ಅಂತ ಮಾಡಿದ್ದು. ಈಗ ಗ್ರೂಪ್ ಇಲ್ಲ. ರಿಜಿಸ್ಟರ್ ಇದೆ, ಆದರೆ "ಸಮಸ್ಯೆ" ಕಾಲಂ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ. ಬೆಳಕಿಗೆ ಹಿಡಿದರೆ ಹಳೆಯದು ಈಗಲೂ ಕಾಣುತ್ತದೆ. ಅದನ್ನೂ ಹೇಳಿ ಬಂದೆ. ಕೌನ್ಸೆಲಿಂಗ್ ಅಲ್ಲೇ ಮುಂದುವರಿಸುತ್ತಿದ್ದೇನೆ, ಯಾಕೆಂದರೆ ಆ ಕೌನ್ಸೆಲರ್ ತಪ್ಪು ಮಾಡಿರಲಿಲ್ಲ. ಹೆಂಡತಿಯ ಹೆಸರು ಬರೆದು ಸಹಿ ಹಾಕಿದೆ. ಪೂರ್ತಿ ಅಂಕಿ ಅವಳಿಗೆ ಗೊತ್ತಾಯ್ತು. ಎರಡು ದಿನ ಮಾತಿಲ್ಲ, ಈಗ ಪರವಾಗಿಲ್ಲ.

ಸಂಘದಲ್ಲಿ ಬೆನ್ನುನೋವು ಅಂದೆ. ಮುಂದಿನ ತಿಂಗಳಿಂದ ಒಳಗೆ, ಸಾಲದ ಫೈಲು. ಅಲ್ಲಿಯವರೆಗೆ ಸಂಜೆ ಚೀಲ ತಂದ ತಕ್ಷಣ ಹೆಂಡತಿ ಯಂತ್ರದ ಲೆಕ್ಕಕ್ಕೆ ತಾಳೆ ಹಾಕಿ ಎಣಿಸುತ್ತಾಳೆ.

ಶನಿವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಯಜಮಾನರು ಏನೂ ಕೇಳಲಿಲ್ಲ. ಎಂದಿನ ಹಾಗೆ 200 ಕೊಟ್ಟರು. ಯಂತ್ರದಿಂದ ಬಂದ ಚೀಟಿಯನ್ನು ಮುಂಚೆಯೆಲ್ಲ ನೋಡದೆ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಅವತ್ತು ಎರಡು ಸಲ ಓದಿದರು.

ವ್ಯಾಪಾರಿ_ವೀರಭದ್ರ · 9:41

ನಾನೂ ಓದುತ್ತೇನೆ ತಮ್ಮಾ, ಹೋದ ವಾರದಿಂದ. ನಮ್ಮ ಹುಡುಗ "ಏನಣ್ಣ, ಕನ್ನಡಕ ಬಂತಾ" ಅಂದ. ಹೌದು ಅಂದೆ.